ಹೆಸರು ಸೂಚಿಸುವವನ ಧರ್ಮ

ಒಬ್ಬನು ಮತ್ತೊಬ್ಬನ ವಿಷಯವಾಗಿ ಆಡುವ ಮಾತುಗಳಲ್ಲಿ ನಿಂದೆ, ಸ್ತುತಿ, ಸಾಕ್ಷ್ಯ ಎಂಬ ಮೂರು ಬಗೆಗಳು ಲೋಕದಲ್ಲಿ ಪ್ರಸಿದ್ಧವಾಗಿವೆ. ನಿಂದೆಯು ದೋಷವೆಂಬುದನ್ನು ಎಲ್ಲರೂ ಬಲ್ಲರು. ಸ್ತುತಿಯು ಮಿತಿಮೀರಿದರೆ ಹಾಸ್ಯಕ್ಕೆ ಗುರಿಯಾಗುವುದೆಂಬುದನ್ನೂ ಬಲ್ಲರು. ಸಾಕ್ಷ್ಯವು ಸುಳ್ಳಾದರೆ ಪಾಪವೆಂದು ಧರ್ಮಶಾಸ್ತ್ರವೂ, ದಂಡಾರ್ಹವೆಂದು ನ್ಯಾಯಸ್ಥಾನವೂ ಹೇಳುತ್ತವೆ. ಆದರೆ ಈ ಮೂರರಲ್ಲಿ ಯಾವುದಕ್ಕೂ ಪೂರ್ತಿಯಾಗಿ ಸೇರದ ನಾಲ್ಕನೆಯ ಬಗೆಯ ಮಾತೊಂದುಂಟು. ಸ್ತುತಿಯಂತೆ ಅದು ಇಂಪಾಗಿರುವುದು. ಸಾಕ್ಷ್ಯದಂತೆ ಕಾರ್ಯವನ್ನು ಸಾಧಿಸುವುದು. ಆದರೆ ಸುಳ್ಳಾದಾಗ ಆಡಿದವನಿಗೆ ಯಾವ ದಂಡವೂ ಇಲ್ಲ. ಅದಕ್ಕೆ ಶಿಫಾರಸೆಂದು ಹೆಸರು. ಹಳ್ಳಿಗಾಡಿನಲ್ಲಿ ಅದನ್ನೇ ವಶೀಲಿಯೆಂದು ಕರೆಯುವರು.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ, ಬೇರೆ ಸೀಮೆಗಳಲ್ಲಿರುವಂತೆಯೇ, ಓದುಬರಹ ಬಲ್ಲ ಮನೆಯೆಂದಮೇಲೆ ಈ ಮಾತಿನ ಬೇಡಿಕೆಯು ಅಲ್ಲಿಗೆ ಬಾರದಿರುವುದಿಲ್ಲ. ಮಗನಿಗೆ ಒಳ್ಳೆಯ ಶಾಲೆಯಲ್ಲಿ ಸ್ಥಾನ ಬೇಕು. ಅಳಿಯನಿಗೆ ಹತ್ತಿರದ ಊರಿಗೆ ವರ್ಗವಾಗಬೇಕು. ನೆರೆಮನೆಯ ವಿಧವೆಯ ಹುಡುಗನಿಗೆ ಒಂದು ಕೆಲಸವಾಗಬೇಕು. “ತಾವು ಒಂದು ಮಾತು ಹೇಳಿದರೆ ಆಗುತ್ತದೆ” ಎಂದು ಬಂದವರು ಜಗುಲಿಯ ಮೇಲೆ ಕುಳಿತುಕೊಳ್ಳುವರು. ಆ ಒಂದು ಮಾತನ್ನು ಹೇಳುವುದು ದಯೆಯೆ? ಹೇಳದಿರುವುದು ಕಾಠಿಣ್ಯವೆ? ಹೇಳಿದಮೇಲೆ ಅದರ ಭಾರವು ಯಾರ ಮೇಲೆ ಬೀಳುವುದು? ಪ್ರಶ್ನೆಯು ನೋಡುವುದಕ್ಕೆ ಸಣ್ಣದು. ಆದರೆ ಪ್ರತಿಮನೆಯೂ ಒಂದಲ್ಲ ಒಂದು ದಿನ ಉತ್ತರ ಹೇಳಬೇಕಾದ ಪ್ರಶ್ನೆಯಾದ್ದರಿಂದ ವಿಚಾರಕ್ಕೆ ಅರ್ಹವಾಗಿದೆ.

ಈ ಮಾತು ಮನೆಯ ಜಗುಲಿಯಲ್ಲಿ ಗುಟ್ಟಾಗಿ ನಡೆಯುವಾಗ ಅದರ ಸ್ವರೂಪವು ಸ್ಪಷ್ಟವಾಗಿ ಕಾಣಿಸದು. ಒಂದು ರಾಷ್ಟ್ರವು ಅದನ್ನು ಬಹಿರಂಗವಾಗಿ ಕಾನೂನನ್ನಾಗಿ ಮಾಡಿಕೊಂಡಿರುವ ಎಡೆಯಲ್ಲಿ ಅದನ್ನು ಪರೀಕ್ಷಿಸಿದರೆ ಗುಣದೋಷಗಳೆರಡೂ ತಿಳಿಯುವುವು. ಅಂತಹ ಎಡೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿದೆ.

ಆ ದೇಶದ ಭೂಸೈನ್ಯದ ಅಧಿಕಾರಿಗಳನ್ನು ತಯಾರಿಸುವ ವೆಸ್ಟ್ ಪಾಯಿಂಟ್ ವಿದ್ಯಾಲಯವು 1802ರಲ್ಲಿ ಸ್ಥಾಪಿತವಾಯಿತು. ನೌಕಾಸೈನ್ಯಕ್ಕೂ ವಾಯುಸೈನ್ಯಕ್ಕೂ ಇಂತಹವೇ ವಿದ್ಯಾಲಯಗಳು ಅನಂತರ ಬಂದುವು. ಇವುಗಳನ್ನು ಸೇರಬೇಕೆನ್ನುವ ತರುಣನು ಬುದ್ಧಿವಂತನಾಗಿದ್ದರೆ ಸಾಲದು, ದೃಢಕಾಯನಾಗಿದ್ದರೂ ಸಾಲದು. ಆತನ ಹೆಸರನ್ನು ಅಧಿಕಾರವುಳ್ಳವರೊಬ್ಬರು ಸೂಚಿಸಿರಬೇಕು. ಸಾಮಾನ್ಯವಾಗಿ ಆ ಅಧಿಕಾರವು ಆತನ ಕ್ಷೇತ್ರದ ಪ್ರತಿನಿಧಿಗೂ, ಆತನ ಸಂಸ್ಥಾನದ ಇಬ್ಬರು ಸೆನೆಟ್ ಸದಸ್ಯರಿಗೂ, ದೇಶದ ಉಪಾಧ್ಯಕ್ಷನಿಗೂ ಇದೆ. ಒಬ್ಬೊಬ್ಬ ಸದಸ್ಯನ ಲೆಕ್ಕದಲ್ಲಿ ಒಂದೊಂದು ವಿದ್ಯಾಲಯದಲ್ಲಿ ಏಕಕಾಲಕ್ಕೆ ಐವರು ಇರಬಹುದು. ಒಂದು ಸ್ಥಾನ ತೆರವಾದಾಗ ಆತನು ಹಲವು ಹೆಸರುಗಳನ್ನು ಕಳುಹಿಸಬಹುದು. ಆ ಹೆಸರುಗಳನ್ನು ಕಳುಹಿಸುವ ರೀತಿಗಳು ಮೂರು. ಎಲ್ಲರನ್ನೂ ಸಮಾನವಾಗಿ ಸೂಚಿಸಿ ಆರಿಸುವ ಕೆಲಸವನ್ನು ವಿದ್ಯಾಲಯಕ್ಕೇ ಬಿಡುವುದು ಒಂದು. ಒಬ್ಬನನ್ನು ಮುಖ್ಯನೆಂದು ಹೇಳಿ ಉಳಿದವರನ್ನು ಬದಲಿಗಳೆಂದು ಬಿಟ್ಟುಕೊಡುವುದು ಎರಡು. ಮುಖ್ಯನ ಹಿಂದೆ ಉಳಿದವರನ್ನೂ ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವುದು ಮೂರು. ಕಡೆಯ ಎರಡು ರೀತಿಗಳಲ್ಲಿ, ಮುಖ್ಯನೆನಿಸಿದವನು ವಿದ್ಯೆಯಲ್ಲಿಯೂ ದೇಹದಲ್ಲಿಯೂ ಕನಿಷ್ಠ ಅರ್ಹತೆಯನ್ನು ಮುಟ್ಟಿದರೆ ಸಾಕು, ಆತನ ಹಿಂದೆ ನಿಂತವನು ಎಷ್ಟೇ ಮೇಲಾಗಿದ್ದರೂ ಆ ಸ್ಥಾನವು ಮುಖ್ಯನಿಗೇ ಸಲ್ಲುವುದು.

ಸದಸ್ಯನು ಹೆಸರುಗಳನ್ನು ಹೇಗೆ ಆರಿಸಬೇಕೆಂಬುದಕ್ಕೆ ಏಕರೂಪದ ನಿಯಮವಿಲ್ಲ. ಅನೇಕರು ಊರಿನ ಗಣ್ಯರನ್ನು ಕೂಡಿಸಿ ಸಮಿತಿ ಮಾಡಿ, ಅಂಕಗಳನ್ನು ನೋಡಿ, ಹುಡುಗರನ್ನು ಕರೆದು ಮಾತನಾಡಿಸಿ ಬಹು ಶ್ರದ್ಧೆಯಿಂದ ನಿರ್ಣಯಿಸುವರು. ಆದರೆ ಆ ಶ್ರದ್ಧೆಯು ಆಯಾ ಸದಸ್ಯನ ಶೀಲದಿಂದ ಬಂದದ್ದೇ ಹೊರತು ಕಾನೂನಿನ ಬಲದಿಂದ ಬಂದದ್ದಲ್ಲ. ಅದೇ ದೇಶದ ಕರಾವಳಿ ರಕ್ಷಣಾಪಡೆಯ ವಿದ್ಯಾಲಯಕ್ಕೆ ಇಂತಹ ಸೂಚನೆಯೇ ಬೇಕಿಲ್ಲ. ಅಲ್ಲಿ ಅಭ್ಯರ್ಥಿಯು ತಾನೇ ನೇರವಾಗಿ ಅರ್ಜಿ ಹಾಕಿಕೊಂಡು ಯೋಗ್ಯತೆಯಿಂದ ಪ್ರವೇಶ ಪಡೆಯುವನು. ಒಂದೇ ರಾಷ್ಟ್ರವು ಎರಡು ಮಾರ್ಗಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡಿರುವುದು ಕುತೂಹಲಕರವಾಗಿದೆ.

ಇಂತಹ ಪದ್ಧತಿಯನ್ನು ಪ್ರಜಾರಾಜ್ಯವೊಂದು ಏಕೆ ಸ್ವೀಕರಿಸಿತು? ಅದರ ಮೂಲವು ಪಕ್ಷಪಾತದಲ್ಲಿಲ್ಲ, ಸಮತೆಯಲ್ಲಿದೆ ಎಂಬುದು ಗಮನಿಸತಕ್ಕ ವಿಷಯ. ಸೈನ್ಯದ ಅಧಿಕಾರವು ಒಂದು ಪ್ರಾಂತದ ಅಥವಾ ಕೆಲವು ಮನೆತನಗಳ ಸೊತ್ತಾಗಬಾರದು. ದೂರದ ಹಳ್ಳಿಯ ರೈತನ ಮಗನಿಗೂ ಅದರಲ್ಲಿ ಭಾಗ ಬರಬೇಕು. ಆದ್ದರಿಂದ ಪ್ರತಿಯೊಂದು ಕ್ಷೇತ್ರಕ್ಕೂ ಒಂದು ಸ್ಥಾನವಿರಲಿ ಎಂಬ ಆಶಯದಿಂದ ಬಹುಕಾಲದ ರೂಢಿಯು 1843ರಲ್ಲಿ ಶಾಸನವಾಯಿತು. ಸ್ಥಾನವನ್ನು ಕ್ಷೇತ್ರಕ್ಕೆ ಕೊಟ್ಟಮೇಲೆ ಕ್ಷೇತ್ರವನ್ನು ಬಲ್ಲವನು ಅದರ ಪ್ರತಿನಿಧಿಯೇ ಅಲ್ಲವೆ, ಹೆಸರನ್ನು ಆತನೇ ಹೇಳಲಿ ಎಂದಾಯಿತು. ಇದು ಪೂರ್ವಪಕ್ಷದ ಸಾರ. ಪೂರ್ವಪಕ್ಷವು ದುರ್ಬಲವಲ್ಲ.

ಆದರೆ “ಕ್ಷೇತ್ರವನ್ನು ಬಲ್ಲವನು” ಎಂಬ ಮಾತಿನಲ್ಲಿಯೇ ಮೊದಲ ಸಂದೇಹವಿದೆ. 1839ರಲ್ಲಿ ಒಹಾಯೊ ಪ್ರಾಂತದ ಪ್ರತಿನಿಧಿಯಾದ ತಾಮಸ್ ಹೇಮರ್ ಎಂಬಾತನು ತನ್ನ ಕ್ಷೇತ್ರದ ಒಬ್ಬ ಹದಿನಾರು ವರ್ಷದ ಹುಡುಗನನ್ನು ವೆಸ್ಟ್ ಪಾಯಿಂಟಿಗೆ ಸೂಚಿಸಿದನು. ಆ ಹುಡುಗನ ತಂದೆಗೂ ಹೇಮರನಿಗೂ ಹಿಂದೆ ಸ್ನೇಹವಿದ್ದು ರಾಜಕೀಯದ ಕಾರಣದಿಂದ ಮನಸ್ತಾಪವಾಗಿತ್ತು. ವೈರವನ್ನು ಬದಿಗಿಟ್ಟು ಸೂಚಿಸಿದ್ದು ಹೇಮರನ ಔದಾರ್ಯ, ಅದನ್ನು ಹೊಗಳಲೇಬೇಕು. ಆದರೆ ಅವಸರದಲ್ಲಿ ಬರೆದ ಆ ಪತ್ರದಲ್ಲಿ ಹುಡುಗನ ಹೆಸರೇ ತಪ್ಪಾಗಿತ್ತು. ಹಿರಾಮ್ ಯೂಲಿಸಿಸ್ ಗ್ರಾಂಟ್ ಎಂಬ ಬಾಲಕನು ಯೂಲಿಸಿಸ್ ಎಸ್. ಗ್ರಾಂಟ್ ಎಂದು ದಾಖಲಾಗಿ, ಜೀವಮಾನಪರ್ಯಂತ ಹಾಗೆಯೇ ಉಳಿದು, ಸೇನಾಪತಿಯಾಗಿ ಅಂತರ್ಯುದ್ಧವನ್ನು ಗೆದ್ದು, 1869ರಿಂದ 1877ರವರೆಗೆ ದೇಶದ ಅಧ್ಯಕ್ಷನೂ ಆದನು. ಫಲವು ಚೆನ್ನಾಯಿತು. ಆದರೆ ಹುಡುಗನ ಹೆಸರನ್ನೇ ಸರಿಯಾಗಿ ತಿಳಿಯದವನು ಆತನ ಧೈರ್ಯವನ್ನೂ ಶೀಲವನ್ನೂ ತಿಳಿದಿದ್ದನೆಂದು ಹೇಳುವುದು ಹೇಗೆ? ಕುರುಡನು ಎಸೆದ ಕಲ್ಲು ಒಮ್ಮೆ ಮಾವಿನ ಹಣ್ಣಿಗೆ ತಗುಲಿದ ಮಾತ್ರಕ್ಕೆ ಕುರುಡನಿಗೆ ತೋಟದ ಕಾವಲನ್ನು ಒಪ್ಪಿಸುವುದುಂಟೆ?

ಎರಡನೆಯ ಸಂದೇಹವು ಮೊದಲನೆಯದಕ್ಕಿಂತ ಕಹಿಯಾದುದು. ಯಾವುದನ್ನು ಒಬ್ಬನು ತನ್ನ ಇಷ್ಟದಂತೆ ಕೊಡಬಲ್ಲನೋ ಅದನ್ನು ಮಾರಲೂ ಬಲ್ಲನು. 1870ರಲ್ಲಿ ದಕ್ಷಿಣ ಕೆರೊಲಿನಾದ ಪ್ರತಿನಿಧಿ ಬೆಂಜಮಿನ್ ವಿಟ್ಟೆಮೋರ್ ಎಂಬಾತನು ಇಂತಹ ಸೂಚನೆಗಳನ್ನು ಹಣಕ್ಕೆ ಮಾರಿದನೆಂದು ಸಭೆಯು ಕಂಡುಕೊಂಡಿತು. ಬಹಿಷ್ಕಾರವು ಒದಗುವ ಮೊದಲೇ ಆತನು ರಾಜೀನಾಮೆ ಕೊಟ್ಟನು. ಸಭೆಯು ಆತನಿಗೆ ಛೀಮಾರಿ ಹಾಕಿತು. ಆಶ್ಚರ್ಯವೇನೆಂದರೆ ಆತನ ಕ್ಷೇತ್ರದವರು ಆತನನ್ನೇ ಮತ್ತೆ ಚುನಾಯಿಸಿ ಕಳುಹಿಸಿದರು. ಸಭೆಯು ಆತನಿಗೆ ಆಸನ ಕೊಡಲಿಲ್ಲ. ಸೂಚಿಸುವವನ ದೋಷವನ್ನು ಸೂಚನೆ ಪಡೆಯುವ ಸಮಾಜವು ದೋಷವೆಂದೇ ಎಣಿಸದೆ ಇರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ವಿಚಾರವು ಏಕಪಕ್ಷೀಯವಾಗುವುದು. 1932ರಲ್ಲಿ ಆ ದೇಶದ ಪ್ರತಿನಿಧಿಸಭೆಯಲ್ಲಿ ಕರಿಯ ಜನಾಂಗದ ಸದಸ್ಯನು ಒಬ್ಬನೇ ಒಬ್ಬನಿದ್ದನು. ಆತನ ಹೆಸರು ಆಸ್ಕರ್ ಡಿ ಪ್ರೀಸ್ಟ್. ಆತನು ಬೆಂಜಮಿನ್ ಡೇವಿಸ್ ಎಂಬ ಕರಿಯ ತರುಣನನ್ನು ವೆಸ್ಟ್ ಪಾಯಿಂಟಿಗೆ ಸೂಚಿಸಿದನು. ನಾಲ್ಕು ವರ್ಷಗಳ ಕಾಲ ಸಹಪಾಠಿಗಳು ಆ ತರುಣನೊಡನೆ ಕೆಲಸಕ್ಕೆ ಬೇಕಾದುದರ ಹೊರತು ಮಾತನಾಡಲಿಲ್ಲ. ಆತನು ಒಂಟಿಯಾಗಿ ಉಂಡು, ಒಂಟಿಯಾಗಿ ಮಲಗಿ, 1936ರಲ್ಲಿ ಗೌರವದಿಂದ ಉತ್ತೀರ್ಣನಾಗಿ, ಮುಂದೆ ವಾಯುಸೈನ್ಯದಲ್ಲಿ ಜನರಲ್ ಪದವಿಗೆ ಏರಿದನು. ಸೂಚಿಸುವ ಅಧಿಕಾರವು ತುಳಿಯಲ್ಪಟ್ಟವರ ಪ್ರತಿನಿಧಿಯ ಕೈಯಲ್ಲಿದ್ದುದರಿಂದಲೇ ಆ ಬಾಗಿಲು ತೆರೆಯಿತು. ಆದ್ದರಿಂದ ಸೂಚನೆಯೆಲ್ಲವೂ ಅಧರ್ಮವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಅದು ಕತ್ತಿಯಂತೆ, ಹಿಡಿದವನ ಕೈಯನ್ನು ನೋಡಬೇಕು.

ಈಗ ಭಾರತದ ಕಡೆ ತಿರುಗಿದರೆ, ಈ ದೇಶವು ಸೂಚನೆಯ ಮಾರ್ಗದಲ್ಲಿ ಬಹುದೂರ ನಡೆದು ಅನಂತರ ಅದನ್ನು ಬಿಟ್ಟದ್ದು ಕಾಣುವುದು. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಇಲ್ಲಿ ಆಳುವುದಕ್ಕೆ ಬರುತ್ತಿದ್ದ ಇಂಗ್ಲಿಷ್ ತರುಣರನ್ನು ಕಂಪೆನಿಯ ನಿರ್ದೇಶಕರು ತಮ್ಮ ಇಷ್ಟದಂತೆ ಸೂಚಿಸಿ ಹೇಲಿಬರಿಯ ಕಾಲೇಜಿಗೆ ಕಳುಹಿಸುತ್ತಿದ್ದರು. 1853ರ ಶಾಸನವು ಆ ಅಧಿಕಾರವನ್ನು ಕಿತ್ತುಕೊಂಡಿತು. 1855ರಲ್ಲಿ ಮೊದಲ ಸ್ಪರ್ಧಾಪರೀಕ್ಷೆ ನಡೆಯಿತು. ಕಾಗದದ ಮೇಲೆ ಎಲ್ಲರಿಗೂ ತೆರೆದ ಆ ಪರೀಕ್ಷೆಯು ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿದ್ದಿತು. ಭಾರತದಲ್ಲಿಯೂ ಅದನ್ನು ನಡೆಸಲು ತೊಡಗಿದ್ದು 1922ರಲ್ಲಿ. ತೆರೆದ ಬಾಗಿಲು ಸಮುದ್ರದ ಆಚೆಯ ದಡದಲ್ಲಿದ್ದರೆ ಈಚೆಯ ದಡದವನಿಗೆ ಅದರಿಂದ ಏನು ಪ್ರಯೋಜನ?

ಸೈನ್ಯದಲ್ಲಿ ಸೂಚನೆಯು ಇನ್ನೂ ಹೆಚ್ಚು ಕಾಲ ಉಳಿಯಿತು. ಮೊದಲನೆಯ ಮಹಾಯುದ್ಧದ ಕಡೆಯಲ್ಲಿ, ಎಂದರೆ 1918ರಲ್ಲಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ವಿದ್ಯಾಲಯದಲ್ಲಿ ಭಾರತೀಯರಿಗೆ ವರ್ಷಕ್ಕೆ ಹತ್ತು ಸ್ಥಾನಗಳು ದೊರೆತುವು. ಅವುಗಳಿಗೆ ತರುಣರನ್ನು ಸರ್ಕಾರದವರು ಸೂಚಿಸುತ್ತಿದ್ದರು. ಮನೆತನದ ಹಿರಿಮೆ, ರಾಜನಿಷ್ಠೆ, ತಂದೆಯ ಸೇವೆ ಇವು ಗಣನೆಗೆ ಬರುತ್ತಿದ್ದುವು. 1925ರಲ್ಲಿ ನೇಮಕವಾದ ಸ್ಕೀನ್ ಸಮಿತಿಯು ಈ ವಿಷಯವನ್ನು ಪರಿಶೀಲಿಸಿ ಭಾರತದಲ್ಲಿಯೇ ಒಂದು ಸೈನಿಕ ವಿದ್ಯಾಲಯವಾಗಬೇಕೆಂದು ಹೇಳಿತು. 1932ರಲ್ಲಿ ಡೆಹರಾಡೂನಿನಲ್ಲಿ ಅದು ತೆರೆಯಿತು. ಅಲ್ಲಿಯ ನಲವತ್ತು ಸ್ಥಾನಗಳಲ್ಲಿ ಹದಿನೈದು ಬಹಿರಂಗ ಸ್ಪರ್ಧೆಗೂ, ಹದಿನೈದು ಸಿಪಾಯಿಗಳ ಸಾಲಿನಿಂದ ಮೇಲೆ ಬಂದವರಿಗೂ, ಹತ್ತು ದೇಶೀಯ ಸಂಸ್ಥಾನಗಳ ಪಡೆಗಳಿಗೂ ಮೀಸಲಾಗಿದ್ದುವು.

ಸೂಚನೆಯ ಕಾಲದಲ್ಲಿಯೂ ರತ್ನಗಳು ಬರಲಿಲ್ಲವೆಂದಲ್ಲ. ಕೊಡಗಿನ ಕಾರ್ಯಪ್ಪನವರು 1919ರಲ್ಲಿ ಇಂದೂರಿನ ಡೇಲಿ ಕಾಲೇಜಿನ ಶಿಕ್ಷಣ ಮುಗಿಸಿ ಅಧಿಕಾರಪತ್ರ ಪಡೆದರು; 1949ರ ಜನವರಿ 15ರಂದು ಭಾರತದ ಸೈನ್ಯದ ಮಹಾದಂಡನಾಯಕರಾದರು. ಅದೇ ಕೊಡಗಿನ ತಿಮ್ಮಯ್ಯನವರು 1926ರಲ್ಲಿ ಸ್ಯಾಂಡ್‌ಹರ್ಸ್ಟಿನಿಂದ ಹೊರಬಂದು 1957ರಿಂದ 1961ರವರೆಗೆ ಸೈನ್ಯದ ಮುಖ್ಯಸ್ಥರಾಗಿದ್ದರು. ಇವರಂತಹವರು ಯಾವ ಜರಡಿಯಲ್ಲಿ ಹಾಕಿ ಜಾಲಿಸಿದರೂ ಮೇಲೆಯೇ ಉಳಿಯುವವರು. ಪ್ರಶ್ನೆಯು ಬಂದವರ ವಿಷಯದ್ದಲ್ಲ. ಬಾರದೆ ಉಳಿದವರ ವಿಷಯದ್ದು. ಸೂಚಿಸಲು ಯಾರೂ ಇಲ್ಲದುದರಿಂದ ಹೊಲದಲ್ಲಿಯೇ ಉಳಿದ ಕಾರ್ಯಪ್ಪಂದಿರೆಷ್ಟು ಮಂದಿ ಎಂಬುದನ್ನು ಯಾವ ಚರಿತ್ರಕಾರನೂ ಬರೆಯಲಾರನು.

ಸ್ವತಂತ್ರ ಭಾರತವು ಈ ಕಾರ್ಯದಲ್ಲಿ ಸೂಚನೆಯನ್ನು ಬಿಟ್ಟು ಪರೀಕ್ಷೆಯನ್ನು ಹಿಡಿಯಿತು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುವುದು. ಬರವಣಿಗೆಗೆ 900 ಅಂಕಗಳು. ಅದರಲ್ಲಿ ತೇರ್ಗಡೆಯಾದವರನ್ನು ಆಯ್ಕೆಯ ಮಂಡಲಿಯು ಐದು ದಿನ ಇರಿಸಿಕೊಂಡು ನೋಡುವುದಕ್ಕೆ ಮತ್ತೆ 900 ಅಂಕಗಳು. ಮಂಡಲಿಯ ಎದುರು ಅಭ್ಯರ್ಥಿಯು ಎದೆಯ ಮೇಲೆ ಒಂದು ಸಂಖ್ಯೆಯನ್ನು ಕಟ್ಟಿಕೊಂಡಿರುವನು. ಅಲ್ಲಿ ಆತನನ್ನು ಗುರುತಿಸುವುದು ಆ ಸಂಖ್ಯೆಯಿಂದ. ಮೂವರು ಆತನನ್ನು ಪ್ರತ್ಯೇಕವಾಗಿ ಪರೀಕ್ಷಿಸುವರು. ಮನಶ್ಶಾಸ್ತ್ರಜ್ಞನು ಆತನ ಆಲೋಚನೆಯನ್ನು ಬರವಣಿಗೆಯಿಂದ ತಿಳಿಯುವನು. ಒಬ್ಬ ಅಧಿಕಾರಿಯು ಎದುರಿಗೆ ಕೂರಿಸಿಕೊಂಡು ಮಾತನಾಡಿಸುವನು. ಮತ್ತೊಬ್ಬನು ಬಯಲಿನಲ್ಲಿ ಗುಂಪಿನೊಡನೆ ಹಳ್ಳ ದಾಟಿಸಿ, ಭಾರ ಹೊರಿಸಿ, ಆತನ ನಡತೆಯನ್ನು ನೋಡುವನು. ಕಡೆಗೆ ಮೂವರೂ ಕೂಡಿ ತಮ್ಮ ತೀರ್ಮಾನಗಳನ್ನು ಹೋಲಿಸುವರು. ಈ ಕ್ರಮವನ್ನು ಮನಸಾ, ವಾಚಾ, ಕರ್ಮಣಾ ಎಂಬ ಹಳೆಯ ಮಾತುಗಳಿಂದ ವಿವರಿಸುವ ವಾಡಿಕೆಯಿದೆ. ತ್ರಿಕರಣಶುದ್ಧಿಯೆಂದು ಹಿರಿಯರು ಯಾವುದನ್ನು ಕರೆದರೋ ಅದನ್ನು ಅಳೆಯುವುದಕ್ಕೆ ಆಧುನಿಕ ಸೈನ್ಯವು ಮಾಡಿಕೊಂಡ ಕೋಲು ಇದು. 2022ರಿಂದ ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದಿದೆ. ತರೀಕೆರೆಯ ಹುಡುಗಿಯೊಬ್ಬಳು ಈ ಪರೀಕ್ಷೆಗೆ ಕೂರಬೇಕಾದರೆ ಯಾವ ಗಣ್ಯರ ಜಗುಲಿಯನ್ನೂ ಹತ್ತಬೇಕಾಗಿಲ್ಲ.

ಅಮೆರಿಕದ ಕ್ರಮವೇ ಇಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ಕ್ಷಣಕಾಲ ಕಲ್ಪಿಸಿಕೊಳ್ಳಬಹುದು. ಕಡೂರು ವಿಧಾನಸಭಾ ಕ್ಷೇತ್ರವು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಅಜ್ಜಂಪುರವನ್ನೊಳಗೊಂಡ ತರೀಕೆರೆಯು ಉಡುಪಿ–ಚಿಕ್ಕಮಗಳೂರು ಕ್ಷೇತ್ರಕ್ಕೆ ಸೇರಿದೆ. ಒಂದೇ ಜಿಲ್ಲೆಯ, ಒಂದೇ ಬಯಲಿನ, ಒಂದೇ ಮಳೆಯನ್ನು ಕಾದು ಕುಳಿತ ಎರಡು ಊರುಗಳ ಹುಡುಗರಲ್ಲಿ ಒಬ್ಬನು ಹೊಳೆನರಸೀಪುರದವರೊಡನೆಯೂ, ಮತ್ತೊಬ್ಬನು ಘಟ್ಟದ ಕೆಳಗಿನ ಕಾಪುವಿನವರೊಡನೆಯೂ ತನ್ನ ಸದಸ್ಯನ ಗಮನಕ್ಕಾಗಿ ಪೈಪೋಟಿ ಮಾಡಬೇಕಾಗುತ್ತಿತ್ತು. ಲಕ್ಷಾಂತರ ಜನರ ಪ್ರತಿನಿಧಿಯಾದವನು ಅವರಲ್ಲೊಬ್ಬ ಹುಡುಗನನ್ನು ಪ್ರತ್ಯಕ್ಷವಾಗಿ ಬಲ್ಲನೆಂಬುದು ಅಸಂಭವ. ಆ ಹುಡುಗನ ತಂದೆಯನ್ನು ಬಲ್ಲವರನ್ನು ಬಲ್ಲನೆಂಬುದು ಸಂಭವ. ಆಗ ಪ್ರತಿನಿಧಿಯ ಶಿಫಾರಸಿಗಾಗಿ ಮತ್ತೊಬ್ಬರ ಶಿಫಾರಸು, ಅವರಿಗಾಗಿ ಇನ್ನೊಬ್ಬರದು. ತಾರ್ಕಿಕರು ಇದನ್ನೇ ಅನವಸ್ಥೆಯೆನ್ನುವರು.

ಇದು ಕೇವಲ ಕಲ್ಪನೆಯೂ ಅಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರತಿಯೊಬ್ಬ ಸಂಸತ್ ಸದಸ್ಯನೂ ವರ್ಷಕ್ಕೆ ಹತ್ತು ಮಕ್ಕಳನ್ನು ಸೂಚಿಸುವ ಅಧಿಕಾರವು 2022ರವರೆಗೂ ಇದ್ದಿತು. ಸ್ಥಾನಗಳು ಹತ್ತು, ಕೋರಿಕೆಗಳು ನೂರಾರು. ಒಬ್ಬನಿಗೆ ಕೊಟ್ಟರೆ ಉಳಿದವರೆಲ್ಲರೂ ಮುನಿಯುವರೆಂದು ಸದಸ್ಯರೇ ಸಂಸತ್ತಿನಲ್ಲಿ ಸಂಕಟ ತೋಡಿಕೊಂಡರು. ಆ ವರ್ಷವೇ ಅಧಿಕಾರವು ರದ್ದಾಯಿತು. ಕೊಡುವವನಿಗೂ ಸುಖವಿಲ್ಲದ ದಾನವಾಗಿದ್ದಿತು ಅದು.

ಹಾಗಾದರೆ ಪರೀಕ್ಷೆಯೊಂದೇ ಸರ್ವರೋಗಕ್ಕೆ ಔಷಧವೆ? ಮೈಸೂರು ಸಂಸ್ಥಾನದ ಚರಿತ್ರೆಯು ಇದಕ್ಕೆ ಎಚ್ಚರಿಕೆಯ ಉತ್ತರವನ್ನು ಕೊಡುವುದು. ಸಂಸ್ಥಾನದಲ್ಲಿ ಉನ್ನತ ಉದ್ಯೋಗಗಳಿಗೆ ಸ್ಪರ್ಧಾಪರೀಕ್ಷೆಯಿದ್ದಾಗ್ಯೂ, ಓದಿನ ಅನುಕೂಲವು ಕೆಲವು ಜಾತಿಗಳಿಗೇ ತಲೆತಲಾಂತರದಿಂದ ಇದ್ದುದರಿಂದ ಉದ್ಯೋಗಗಳೂ ಅವರಲ್ಲಿಯೇ ಕೂಡಿಬಿದ್ದುವು. ಈ ಅಸಮತೆಯನ್ನು ಪರಿಶೀಲಿಸಲು 1918ರಲ್ಲಿ ಕೃಷ್ಣರಾಜ ಒಡೆಯರ ಸರ್ಕಾರವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ದಿವಾನ್ ವಿಶ್ವೇಶ್ವರಯ್ಯನವರು, ಯೋಗ್ಯತೆಯೊಂದೇ ಮಾನದಂಡವಾಗಬೇಕು, ವಿದ್ಯೆಯನ್ನು ಹರಡಿದರೆ ಉಳಿದುದು ತಾನಾಗಿ ಬರುವುದು ಎಂಬ ಅಭಿಪ್ರಾಯವುಳ್ಳವರಾಗಿ, ಈ ವಿಷಯದಲ್ಲಿ ಒಮ್ಮತವಾಗದೆ ಆ ವರ್ಷದ ಕೊನೆಗೆ ಪದವಿಯನ್ನು ಬಿಟ್ಟರು. 1919ರಲ್ಲಿ ಸಮಿತಿಯು ಹಿಂದುಳಿದ ವರ್ಗಗಳಿಗೆ ಉದ್ಯೋಗಗಳಲ್ಲಿ ನಿಯತವಾದ ಭಾಗ ದೊರೆಯಬೇಕೆಂದು ವರದಿ ಮಾಡಿತು. ಎರಡು ಪಕ್ಷಗಳಲ್ಲಿಯೂ ಸತ್ಯದ ಅಂಶವಿತ್ತು. ಓಟದ ಗೆರೆಯು ಎಲ್ಲರಿಗೂ ಒಂದೇ ಆಗಿರಬೇಕೆಂಬುದು ಸತ್ಯ. ಗೆರೆಯವರೆಗೆ ನಡೆದುಬರಲು ಎಲ್ಲರಿಗೂ ದಾರಿ ಇರಬೇಕೆಂಬುದೂ ಸತ್ಯ. ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ಸಮುದಾಯಕ್ಕೆ ಭಾಗವನ್ನು ನಿಗದಿ ಮಾಡುವುದು ಬಹಿರಂಗವಾದ ನಿಯಮ. ಅದನ್ನು ಯಾರಾದರೂ ಓದಬಹುದು, ಪ್ರಶ್ನಿಸಬಹುದು, ತಿದ್ದಬಹುದು. ಒಬ್ಬನಿಗೆ ಒಬ್ಬನು ಮಾಡುವ ಶಿಫಾರಸು ಹಾಗಲ್ಲ. ಅದು ಕಿವಿಯಿಂದ ಕಿವಿಗೆ ಹೋಗುವುದು. ಡಿ ಪ್ರೀಸ್ಟನು ಮಾಡಿದ ಒಳ್ಳೆಯ ಕೆಲಸವನ್ನು ನಿಯಮವು ಪ್ರತಿವರ್ಷವೂ ಮಾಡಬಲ್ಲುದು. ವಿಟ್ಟೆಮೋರನು ಮಾಡಿದ ಕೆಟ್ಟ ಕೆಲಸಕ್ಕೆ ನಿಯಮವು ಅಷ್ಟು ಸುಲಭವಾಗಿ ಎಡೆಗೊಡದು.

ಪ್ರಾಚೀನರು ಈ ವಿಷಯವನ್ನು ಆಲೋಚಿಸದೆ ಬಿಡಲಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳಿಂದ ಬೆಳಕಿಗೆ ಬಂದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಮಾತ್ಯರನ್ನು ಯಾರಿಂದ ಆರಿಸಬೇಕೆಂಬ ವಿಷಯಕ್ಕೆ ಆಚಾರ್ಯರ ಒಂದು ವಾದಸರಣಿಯೇ ಇದೆ. ಸಹಪಾಠಿಗಳಾಗಲಿ ಎಂದು ಭಾರದ್ವಾಜನು; ಜೊತೆಯಲ್ಲಿ ಆಡಿದವರು ಗೌರವ ಕೊಡಲಾರರೆಂದು ವಿಶಾಲಾಕ್ಷನು. ಆಪತ್ತಿನಲ್ಲಿ ನೆರವಾದವರಾಗಲಿ ಎಂದು ಪರಾಶರನ ಮತ. ಅದು ಭಕ್ತಿಯೇ ಹೊರತು ಬುದ್ಧಿಯಲ್ಲವೆಂದು ಪಿಶುನನು. ಮನೆತನದಿಂದ ಬಂದವರಾಗಲಿ ಎಂದು ಕೌಣಪದಂತನು. ಹೊಸಬರಾಗಲಿ ಎಂದು ವಾತವ್ಯಾಧಿಯು. ಎಲ್ಲರನ್ನೂ ಕೇಳಿ ಕೌಟಿಲ್ಯನು, ಪುರುಷನ ಸಾಮರ್ಥ್ಯವು ಆತನು ಮಾಡುವ ಕಾರ್ಯದಿಂದಲೇ ತಿಳಿಯತಕ್ಕದ್ದೆಂದು ಮುಗಿಸುವನು. ಮುಂದಿನ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ಮಾತೊಂದು ಬರುವುದು. ಒಬ್ಬನ ವಿದ್ಯೆಯನ್ನು ಅದೇ ವಿದ್ಯೆಯನ್ನು ಬಲ್ಲವರಿಂದ ತಿಳಿಯಬೇಕು; ಶೀಲವನ್ನೂ ಆರೋಗ್ಯವನ್ನೂ ಜೊತೆಯಲ್ಲಿ ವಾಸಿಸಿದವರಿಂದ ತಿಳಿಯಬೇಕು; ಬುದ್ಧಿಯನ್ನೂ ದಕ್ಷತೆಯನ್ನೂ ಕೆಲಸಕ್ಕೆ ಹಚ್ಚಿ ತಿಳಿಯಬೇಕು. ಪ್ರತಿಯೊಂದು ಗುಣಕ್ಕೂ ಅದಕ್ಕೆ ತಕ್ಕ ಸಾಕ್ಷಿ ಬೇರೆ ಎಂಬುದು ಇದರ ತಾತ್ಪರ್ಯ. ಐಶ್ವರ್ಯವಂತನಾದ ಮಾತ್ರಕ್ಕೆ, ಅಧಿಕಾರವಂತನಾದ ಮಾತ್ರಕ್ಕೆ ಒಬ್ಬನು ಎಲ್ಲ ಗುಣಗಳಿಗೂ ಸಾಕ್ಷಿಯಾಗಲಾರನು.

ಮಹಾಭಾರತದ ಉದ್ಯೋಗಪರ್ವದಲ್ಲಿ ಪಾಂಡವರು ಸೇನಾಪತಿಯನ್ನು ಆರಿಸುವ ಪ್ರಸಂಗವೂ ಇಲ್ಲಿ ಸ್ಮರಣೀಯವಾಗಿದೆ. ಧರ್ಮರಾಜನು ಕೇಳಲು ಸಹದೇವನು ವಿರಾಟನನ್ನೂ, ನಕುಲನು ದ್ರುಪದನನ್ನೂ, ಅರ್ಜುನನು ಧೃಷ್ಟದ್ಯುಮ್ನನನ್ನೂ, ಭೀಮನು ಶಿಖಂಡಿಯನ್ನೂ ಸೂಚಿಸಿದರು. ಪ್ರತಿಯೊಬ್ಬನೂ ಎಲ್ಲರೆದುರಿಗೆ ಸೂಚಿಸಿದನು. ಕಾರಣವನ್ನು ಹೇಳಿ ಸೂಚಿಸಿದನು. ತಾನು ಸೂಚಿಸಿದವನ ಬೆನ್ನ ಹಿಂದೆಯೇ ತಾನೂ ಯುದ್ಧಕ್ಕೆ ನಡೆಯಬೇಕಾದವನಾಗಿ ಸೂಚಿಸಿದನು. ಸೇನಾಪತಿಯು ಅಯೋಗ್ಯನಾದರೆ ಬೀಳುವುದು ಸೂಚಿಸಿದವನ ತಲೆಯೇ. ಇಂತಹ ಸೂಚನೆಯಲ್ಲಿ ದೋಷವಿಲ್ಲ.

ಇದಕ್ಕೆ ವಿರುದ್ಧವಾದುದು ಕರ್ಣನ ಕಥೆ. ಅಸ್ತ್ರಪರೀಕ್ಷೆಯ ರಂಗದಲ್ಲಿ ಕೃಪಾಚಾರ್ಯನು ಕರ್ಣನ ಕುಲವನ್ನು ಕೇಳಿದನು. ಕೌಶಲವನ್ನು ಕೇಳಬೇಕಾದ ಎಡೆಯಲ್ಲಿ ಕುಲವನ್ನು ಕೇಳಿದ್ದು ಸಭೆಯ ಅಧರ್ಮ. ಆಗ ದುರ್ಯೋಧನನು ಆತನನ್ನು ಅಂಗರಾಜನನ್ನಾಗಿ ಮಾಡಿ ಕೈಹಿಡಿದನು. ಮೇಲ್ನೋಟಕ್ಕೆ ಅದು ಔದಾರ್ಯವೇ. ಆದರೆ ಆ ದಿನ ಕರ್ಣನಿಗೆ ದೊರೆತದ್ದು ಸ್ಥಾನವೆಷ್ಟೋ ಋಣವೂ ಅಷ್ಟೇ. ಮುಂದೆ ಯಾವುದು ಧರ್ಮವೆಂದು ತಿಳಿದಿದ್ದರೂ ಆ ಋಣವು ಆತನನ್ನು ಅತ್ತ ಹೋಗಗೊಡಲಿಲ್ಲ. ನ್ಯಾಯವಾಗಿ ಸಲ್ಲಬೇಕಾದುದನ್ನು ದಯೆಯ ರೂಪದಲ್ಲಿ ಪಡೆಯಬೇಕಾದವನ ಗತಿ ಇದು. ರಾಷ್ಟ್ರಕ್ಕೆ ಪ್ರಾಣವನ್ನೊಪ್ಪಿಸಬೇಕಾದ ಯೋಧನು ರಾಷ್ಟ್ರದ ಹೊರತು ಮತ್ತಾರಿಗೂ ಋಣಿಯಾಗಿರಬಾರದು. ಸಭೆಯು ಕುಲವನ್ನು ಕೇಳದೆ ಬಾಣವನ್ನು ನೋಡಿದ್ದಿದ್ದರೆ ದುರ್ಯೋಧನನ ದಯೆಯು ಬೇಕಾಗುತ್ತಲೇ ಇರಲಿಲ್ಲ. ಶಿಫಾರಸಿನ ಬಲವೆಲ್ಲವೂ ನ್ಯಾಯದ ದೌರ್ಬಲ್ಯದಿಂದ ಹುಟ್ಟಿದುದೆಂಬುದನ್ನು ಈ ಕಥೆಯು ಸಾರುತ್ತದೆ.

ಹಾಗಾದರೆ ಶಿಫಾರಸು ಮಾಡುವವನ ಹೊಣೆಯೇನು? ಯಾಜ್ಞವಲ್ಕ್ಯಸ್ಮೃತಿಯು ಜಾಮೀನನ್ನು ಮೂರು ಬಗೆಯಾಗಿ ಹೇಳುವುದು: ಇವನನ್ನು ತಂದು ನಿಲ್ಲಿಸುವೆನೆಂಬುದು ಒಂದು, ಇವನನ್ನು ನಂಬಬಹುದೆಂಬುದು ಒಂದು, ಇವನು ಕೊಡದಿದ್ದರೆ ನಾನು ಕೊಡುವೆನೆಂಬುದು ಒಂದು. ನಂಬಬಹುದೆಂದು ಹೇಳಿದವನ ಮಾತು ಸುಳ್ಳಾದರೆ ನಷ್ಟವನ್ನು ಅವನೇ ತೆರಬೇಕೆಂದು ಸ್ಮೃತಿಯ ಕಟ್ಟಳೆ. ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದದ್ದು ಈ ಸ್ಮೃತಿಗೇ. ಶಿಫಾರಸೆಂಬುದು ಈ ಎರಡನೆಯ ಬಗೆಯ ಜಾಮೀನಲ್ಲದೆ ಬೇರೆಯಲ್ಲ. ಹತ್ತು ಸಾವಿರ ರೂಪಾಯಿಗೆ ಜಾಮೀನು ನಿಲ್ಲುವಾಗ ಗೃಹಸ್ಥನು ಮೂರು ದಿನ ಯೋಚಿಸುವನು, ಮನೆಯಲ್ಲಿ ಕೇಳುವನು. ಒಬ್ಬ ಮನುಷ್ಯನ ಯೋಗ್ಯತೆಗೆ ಜಾಮೀನು ನಿಲ್ಲುವಾಗ ಕಾಫಿ ಆರುವುದರೊಳಗಾಗಿ ಸಹಿ ಹಾಕುವನು.

ಅಜ್ಜಂಪುರದ ಅಮೃತಮಹಲ್ ತಳಿಯ ರಾಸುಗಳು ಈ ಸೀಮೆಯ ಹೆಮ್ಮೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾಗಿ, ಸೈನ್ಯದ ಫಿರಂಗಿಗಳನ್ನು ಎಳೆದ ವಂಶ ಅದು. ಬೀರೂರಿನಲ್ಲಿ ಈ ತಳಿಯ ಹೋರಿಕರುಗಳ ಹರಾಜಾಗುವಾಗ ರೈತನು ಗೊರಸನ್ನು ನೋಡುವನು, ಕೊಂಬನ್ನು ನೋಡುವನು, ಎದೆಯನ್ನು ಅಳೆಯುವನು, ನಡೆಯಿಸಿ ನೋಡುವನು. ಇಂತಹ ದೊಡ್ಡವರು ಹೇಳಿದ್ದಾರೆ, ಆದ್ದರಿಂದ ಈ ಕರು ಒಳ್ಳೆಯದೆಂದು ಯಾರೂ ಕೊಳ್ಳುವುದಿಲ್ಲ. ಎತ್ತಿನ ವಿಷಯದಲ್ಲಿ ಇರುವ ವಿವೇಕವು ಮನುಷ್ಯನ ವಿಷಯದಲ್ಲಿ ಏಕೆ ಬಿಟ್ಟುಹೋಗುವುದು? ಎತ್ತು ಕೆಟ್ಟದಾದರೆ ನಷ್ಟವು ತನಗೆ. ಮನುಷ್ಯನು ಕೆಟ್ಟವನಾದರೆ ನಷ್ಟವು ಊರಿಗೆ. ಕಾರಣವು ಇದೇ ಇರಬೇಕು.

ಶಿಫಾರಸು ಕೇಳಲು ಬಂದವನ ಮುಖವು ಕಣ್ಣೆದುರಿಗೆ ಇರುವುದು. ಆತನ ಬಡತನವೂ ಕಣ್ಣೀರೂ ಕಾಣುವುವು. ಆ ಸ್ಥಾನವು ಯಾರಿಗೆ ತಪ್ಪಿಹೋಗುವುದೋ ಆತನ ಮುಖವು ಕಾಣುವುದಿಲ್ಲ. ಆತನು ಯಾವುದೋ ಹಳ್ಳಿಯಲ್ಲಿ ಲಾಂದ್ರದ ಬೆಳಕಿನಲ್ಲಿ ಓದಿದವನಿರಬಹುದು. ಆತನ ತಾಯಿಯೂ ವಿಧವೆಯಿರಬಹುದು. ತನಗೆ ಸ್ಥಾನ ಏಕೆ ದೊರೆಯಲಿಲ್ಲವೆಂಬುದು ಆತನಿಗೆ ಎಂದಿಗೂ ತಿಳಿಯದು. ಕಾಣುವವನ ಮೇಲಿನ ದಯೆಗೆ ಕಾಣದವನಿಂದ ಬೆಲೆ ತೆಗೆದುಕೊಳ್ಳುವುದು ದಾನವಲ್ಲ. ಪರರ ಹಸುವನ್ನು ಬಿಚ್ಚಿ ಗೋದಾನ ಮಾಡಿದವನಿಗೆ ಪುಣ್ಯವೆಲ್ಲಿಯದು?

ಆದರೆ ಎಲ್ಲ ಬಗೆಯ ಮಾತನ್ನೂ ನುಂಗಿಕೊಂಡು ಸುಮ್ಮನಿರುವುದು ಧರ್ಮವಲ್ಲ. ಬಲ್ಲದ್ದನ್ನು ಬಲ್ಲವನು ಹೇಳಲೇಬೇಕು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಶಾಸನವಿದೆ. ಈ ಸೀಮೆಯ ಎಷ್ಟೋ ಊರುಗಳಲ್ಲಿ ಹೆಸರು ಅಳಿಸಿಹೋದ ವೀರಗಲ್ಲುಗಳಿವೆ. ಅವು ಆದುದನ್ನು ಕಂಡವರು ಕಂಡಂತೆ ಊರಿನ ನಡುವೆ ನಿಲ್ಲಿಸಿದ ಸಾಕ್ಷ್ಯಗಳು. ಶಿಫಾರಸು ಈ ಸಾಕ್ಷ್ಯವನ್ನು ಎಷ್ಟು ಹೋಲುವುದೋ ಅಷ್ಟು ಧರ್ಮ್ಯ. ಕಲ್ಲಿನಲ್ಲಿ ಕೆತ್ತಿ ಊರ ಬಾಗಿಲಲ್ಲಿ ನಿಲ್ಲಿಸಲು ನಾಚುವಂತಹ ಮಾತನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಬಾರದು.

ಆದ್ದರಿಂದ ಗೃಹಸ್ಥನಿಗೆ ಮೂರು ಕಟ್ಟಳೆಗಳು ಸಾಕು. ತಾನು ಪ್ರತ್ಯಕ್ಷವಾಗಿ ಕಂಡ ಗುಣವನ್ನು ಮಾತ್ರ, ಕಂಡಷ್ಟೇ ಹೇಳಬೇಕು. ಪ್ರತಿಸ್ಪರ್ಧಿಯು ಎದುರಿಗೇ ನಿಂತು ಕೇಳುತ್ತಿದ್ದರೂ ಹೇಳಬಲ್ಲ ಮಾತನ್ನೇ ಹೇಳಬೇಕು. ಮಾತು ಸುಳ್ಳಾದ ದಿನ ನಷ್ಟದಲ್ಲಿ ಪಾಲುಗೊಳ್ಳಲು ಸಿದ್ಧನಾಗಿ ಹೇಳಬೇಕು. ಈ ಮೂರಕ್ಕೂ ನಿಲ್ಲುವ ಮಾತು ಶಿಫಾರಸೆನಿಸದು, ಸಾಕ್ಷ್ಯವೆನಿಸುವುದು. ಈ ಮೂರಕ್ಕೂ ನಿಲ್ಲದ ಮಾತನ್ನು ಬೇಡಿಬಂದ ಬಂಧುವಿಗೆ, “ಕೂತು ಊಟ ಮಾಡಿಕೊಂಡು ಹೋಗಿ, ಹುಡುಗನಿಗೆ ಓದಲು ಪುಸ್ತಕ ಬೇಕಾದರೆ ಕೊಡುತ್ತೇನೆ, ದೀಪಕ್ಕೆ ಎಣ್ಣೆ ಬೇಕಾದರೆ ಕೊಡುತ್ತೇನೆ, ಪತ್ರವನ್ನು ಮಾತ್ರ ಕೇಳಬೇಡಿ” ಎಂದು ಹೇಳುವ ಧೈರ್ಯವು ಮನೆಗೊಬ್ಬರಿಗಾದರೂ ಇರಬೇಕು. ಹಾಗೆ ಹೇಳಿದವನ ಮೇಲೆ ಬಂದವನು ಎರಡು ದಿನ ಮುನಿಯಬಹುದು. ಹೇಳದೆ ಬರೆದುಕೊಟ್ಟರೆ ಅನ್ಯಾಯವಾಗುವುದು ತನ್ನ ಸ್ಥಾನವನ್ನು ಕಳೆದುಕೊಂಡೆನೆಂದು ಸಹ ತಿಳಿಯದ ಒಬ್ಬನಿಗೆ. ಅವನು ಬಂದು ಮುನಿಯಲೂ ಆರನು. ಮುನಿಯಲಾರದವನ ಪಕ್ಷವನ್ನು ಹಿಡಿಯುವುದೇ ಧರ್ಮದ ಕೆಲಸ.